ಮನೆ ಬೀಳುವ ಮೊದಲಿನ ಫೋಟೋ

ಮಳೆಗಾಲ ಬಂತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳಲ್ಲಿ ಮನೆ ಬಿದ್ದ ಸುದ್ದಿ ಬಂದೇ ಬರುತ್ತದೆ. ಗೋಡೆ ಕುಸಿದ ಮರುದಿನ ಊರೆಲ್ಲ ಹೋಗಿ ಮೊಬೈಲಿನಲ್ಲಿ ಫೋಟೋ ಹೊಡೆಯುತ್ತದೆ, ಸ್ಟೇಟಸ್ ಹಾಕುತ್ತದೆ. ಆದರೆ ಪರಿಶೀಲನೆಗೆ ಬರುವ ಅಧಿಕಾರಿ ತಿಳಿಯಬೇಕಾದದ್ದು ಬೇರೆ: ಬೀಳುವ ಮೊದಲು ಇಲ್ಲಿ ಎಷ್ಟು ಕೋಣೆ ಇತ್ತು? ಗೋಡೆ ಮಣ್ಣಿನದೋ, ಕಲ್ಲಿನದೋ? ಈ ಬಿರುಕು ಮೊದಲೇ ಇತ್ತೋ, ಈ ಮಳೆಗೆ ಬಂದದ್ದೋ?

2019ರ ಆಗಸ್ಟ್ ಮಳೆಯ ನಂತರ ರಾಜ್ಯ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಹಾನಿಯಾದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಯಾವ ಮನೆ ಯಾವ ವರ್ಗಕ್ಕೆ ಎನ್ನುವುದು ಶೇಕಡಾ ಎಷ್ಟು ಹಾನಿ ಎಂಬ ಲೆಕ್ಕದ ಮೇಲೆ ನಿಂತಿತ್ತು. ಮೊದಲು ಏನಿತ್ತು ಎಂದು ತೋರಿಸಲಾಗದವನು ಎಷ್ಟು ಹೋಯಿತು ಎಂದು ಹೇಗೆ ತೋರಿಸುತ್ತಾನೆ? ಬಿದ್ದ ಮನೆಯ ಫೋಟೋ ಎಲ್ಲರ ಬಳಿ ಇರುತ್ತದೆ. ನಿಂತ ಮನೆಯ ಫೋಟೋ ಯಾರ ಬಳಿಯೂ ಇರುವುದಿಲ್ಲ.

ಆ ಫೋಟೋ ತೆಗೆಯುವ ಕೆಲಸ ನಮ್ಮದಾಗಲಿ, ಅದಕ್ಕೆ ಸೈಕಲ್ ಸಾಕು ಎಂಬುದು ನನ್ನ ಅಭಿಪ್ರಾಯ.

2006-07ರಿಂದ ಸರ್ಕಾರ 8ನೇ ತರಗತಿಯವರಿಗೆ ಉಚಿತವಾಗಿ ಸೈಕಲ್ ಕೊಡಲು ಆರಂಭಿಸಿತು. ನಮ್ಮ ಅಣ್ಣ ಅಕ್ಕಂದಿರಿಗೆ ಸಿಕ್ಕ ಆ ಸೈಕಲ್‌ಗಳು ಇಂದಿಗೂ ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ ಒರಗಿ ನಿಂತಿವೆ. ಬಸ್ಸಿನ ಕಿಟಕಿಯಲ್ಲಿ ಕಂಡ ಮನೆ ಮರುಕ್ಷಣ ಮರೆಯಾಗುತ್ತದೆ. ಸೈಕಲ್ ಸವಾರ ಏರು ಬಂದರೆ ಇಳಿದು ತಳ್ಳಲೇಬೇಕು. ಹಾಗೆ ತಳ್ಳುವಾಗ ಅಂಗಳದಲ್ಲಿದ್ದವರು ಮಾತಾಡಿಸುತ್ತಾರೆ. ದಿನವೂ ಅದೇ ದಾರಿಯಲ್ಲಿ ಹೋಗುವವನಿಗೆ ಹೆಂಚಿನ ಮನೆ ತಾರಸಿಯಾದದ್ದು, ಗದ್ದೆ ಅಡಿಕೆ ತೋಟವಾದದ್ದು, ಹಳೆಯ ಮನೆಯ ಮುಂದೆ ಹೋಮ್‌ಸ್ಟೇ ಬೋರ್ಡ್ ಬಂದದ್ದು ಗೊತ್ತಾಗುತ್ತದೆ.

ಇಂಥ ಕೆಲಸವನ್ನು ಬದುಕಿಡೀ ಮಾಡಿದವರಿದ್ದಾರೆ. ಅಮೆರಿಕದ ಬಿಲ್ ಕನ್ನಿಂಗ್‌ಹ್ಯಾಮ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಛಾಯಾಗ್ರಾಹಕರು. 2016ರಲ್ಲಿ 87ನೇ ವಯಸ್ಸಿನಲ್ಲಿ ತೀರಿಕೊಂಡರು. ದಶಕಗಳ ಕಾಲ ಸೈಕಲ್‌ನಲ್ಲೇ ನ್ಯೂಯಾರ್ಕ್ ಸುತ್ತಿ ಬೀದಿಯ ಜನರ ಉಡುಪಿನ ಚಿತ್ರ ತೆಗೆದರು. ಕಾರ್ನೆಗಿ ಹಾಲ್ ಕಟ್ಟಡದ ಮೇಲಿನ ಒಂದು ಸಣ್ಣ ಕೋಣೆಯಲ್ಲಿ ನೆಗೆಟಿವ್ ತುಂಬಿದ ಕಪಾಟುಗಳ ನಡುವೆ ಮಲಗುತ್ತಿದ್ದರು. ಕೊನೆಗೆ ಆ ಕಟ್ಟಡದ ಬಾಡಿಗೆದಾರರನ್ನೇ ಎಬ್ಬಿಸಲಾಯಿತು. ಬಾಡಿಗೆದಾರರು ವಿರೋಧಿಸಿದರು, ಆದರೂ ಮನೆ ಬಿಡಬೇಕಾಯಿತು. ನಗರವನ್ನೆಲ್ಲ ದಾಖಲಿಸಿದವರಿಗೂ ತಮ್ಮ ಕೋಣೆ ಉಳಿಯಲಿಲ್ಲ. ಅಂದರೆ ಫೋಟೋ ಒಂದೇ ಮನೆಯನ್ನು ಉಳಿಸುವುದಿಲ್ಲ. ಅದು ಹಕ್ಕು ಕೇಳುವವನ ಕೈಗೆ ಸೇರಬೇಕು.

ನಮ್ಮ ರಾಜ್ಯದ್ದೇ ಉದಾಹರಣೆ ಬೆಂಗಳೂರಿನ ಈಜಿಪುರ. ಬಡವರಿಗಾಗಿ ಕಟ್ಟಿದ್ದ ವಸತಿ ಸಮುಚ್ಚಯದ ಜಾಗದಲ್ಲಿ ತಗಡಿನ ಶೆಡ್ ಹಾಕಿಕೊಂಡಿದ್ದ ಸುಮಾರು 1,500 ಕುಟುಂಬಗಳನ್ನು 2013ರ ಜನವರಿಯಲ್ಲಿ ಎಬ್ಬಿಸಿದರು. ಪ್ರತಿಭಟನೆ ನಡೆಯಿತು. ಆಗ ದೊಡ್ಡ ವಿವಾದವಾದದ್ದು ಯಾರು ಮೂಲ ಹಂಚಿಕೆದಾರರು, ಯಾರು ಬಾಡಿಗೆಗೆ ಬಂದವರು ಎಂಬುದು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳಿದ್ದರು, ಆದರೆ ಹುಟ್ಟಿ ಬೆಳೆದದ್ದು ಕಾಗದವಾಗಲಿಲ್ಲ.

ಮಲೆನಾಡಿನಲ್ಲಿ ಈ ಕಾಗದದ ಪ್ರಶ್ನೆ ಇನ್ನೂ ಕಠಿಣ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾದಾಗಿನಿಂದ ಶೃಂಗೇರಿ ಕಡೆಯ ಕಾಡಂಚಿನ ಕುಟುಂಬಗಳು ಅದೇ ಆತಂಕದಲ್ಲಿವೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಸ್ವಾಧೀನದಲ್ಲಿರಬೇಕು. ಬುಡಕಟ್ಟಿನವರಲ್ಲದವರು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಆದರೆ ಇದೇ ಕಾಯ್ದೆಯ ನಿಯಮಗಳು ಸಾಕ್ಷ್ಯದ ಬಾಗಿಲನ್ನು ಅಗಲವಾಗಿಯೇ ತೆರೆದಿವೆ. ಮನೆ, ಗುಡಿಸಲು, ಗದ್ದೆಯ ಬದು, ಬಾವಿ, ಮನೆ ಕಂದಾಯದ ರಸೀದಿ, ಅರ್ಜಿದಾರರಲ್ಲದ ಹಿರಿಯರ ಬರೆದುಕೊಂಡ ಹೇಳಿಕೆ ಎಲ್ಲವೂ ಸಲ್ಲುತ್ತವೆ. ಕನಿಷ್ಠ ಎರಡು ಸಾಕ್ಷ್ಯ ಬೇಕು. ಅರ್ಜಿ ಮೊದಲು ಹೋಗುವುದು ಗ್ರಾಮಸಭೆಗೆ. ಪರಿಶೀಲನೆ ಮುಗಿಯುವವರೆಗೆ ಎಬ್ಬಿಸುವಂತಿಲ್ಲ.

ಹಾಗಾಗಿ ಸೈಕಲ್ ಸವಾರನ ಕೆಲಸ ಇಂದಿನ ಫೋಟೋ ತೆಗೆದರೆ ಮುಗಿಯುವುದಿಲ್ಲ. ಆ ಮನೆಯ ಅಜ್ಜಿಯ ಮದುವೆಯ ಫೋಟೋ ಪೆಟ್ಟಿಗೆಯಲ್ಲಿದ್ದರೆ ಅದರ ಹಿಂದಿನ ಗೋಡೆಯನ್ನು ನೋಡಬೇಕು. ಬಾವಿ ತೋಡಿದ ವರ್ಷವನ್ನು ನೆರೆಮನೆಯ ಮುದುಕರಿಂದ ಕೇಳಿ ಬರೆದುಕೊಳ್ಳಬೇಕು. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ, ಅಲ್ ಬಕರಃ ಅಧ್ಯಾಯದ 282ನೆಯದು, ಸಾಲದ ವ್ಯವಹಾರವನ್ನು ಸಾಕ್ಷಿಗಳ ಮುಂದೆ ಬರೆದಿಡುವ ಕುರಿತಾದದ್ದು. ಬರೆದಿಡುವುದು ಅಪನಂಬಿಕೆಯಲ್ಲ, ನ್ಯಾಯದ ಒಂದು ಭಾಗ ಎಂದು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಸಾಲಕ್ಕೆ ಇಷ್ಟು ಎಚ್ಚರ ಬೇಕಾದರೆ ಸೂರಿಗೆ ಬೇಡವೇ?

ಒಂದು ಆಕ್ಷೇಪಣೆ ಇದೆ, ಅದು ಸರಿಯಾದದ್ದೇ. ಫೋಟೋ ಬಡವನ ವಿರುದ್ಧವೂ ತಿರುಗಬಹುದು. ಕಂದಾಯ ಜಾಗದಲ್ಲಿ ಮೊನ್ನೆ ಕಟ್ಟಿಕೊಂಡ ಶೆಡ್‌ನ ಫೋಟೋ ಒತ್ತುವರಿಗೂ ಸಾಕ್ಷಿ. 94ಸಿ, 94ಸಿಸಿ ಅರ್ಜಿ ಹಾಕಿ ಕಾಯುತ್ತಿರುವವರಿಗೆ ಈ ಭಯ ಸಹಜ. ಆದ್ದರಿಂದ ಕೇಳದೆ ಕ್ಯಾಮೆರಾ ಎತ್ತಬಾರದು. ಮನೆಯೊಳಗಿನ ಹೆಂಗಸರು ಮಕ್ಕಳನ್ನು ತೆಗೆಯಬಾರದು. ಸ್ಟೇಟಸ್ಸಿಗೂ ರೀಲ್ಸಿಗೂ ಹಾಕಬಾರದು. ಹಿಂದೆ ದಿನಾಂಕ ಬರೆದ ಒಂದು ಪ್ರಿಂಟ್ ಆ ಮನೆಯವರ ಕೈ ಸೇರಬೇಕು. ಎಲ್ಲಿ ತೋರಿಸಬೇಕು, ತೋರಿಸಬಾರದು ಎನ್ನುವುದು ಅವರ ತೀರ್ಮಾನ. ಅದು ನಮ್ಮ ಬಳಿ ಅಮಾನತ್, ನಂಬಿ ಒಪ್ಪಿಸಿದ ವಸ್ತು.

ನಮ್ಮ ಕಡೆ ಮರೆವು ಬಹಳ ಬೇಗ ಬರುತ್ತದೆ. ನರಸಿಂಹರಾಜಪುರಕ್ಕೆ ಎಡೇಹಳ್ಳಿ ಎಂಬ ಹೆಸರಿತ್ತು ಎಂದರೆ ನಮ್ಮ ತರಗತಿಯಲ್ಲಿ ಅರ್ಧದಷ್ಟು ಮಂದಿ ನಕ್ಕರು. ತರೀಕೆರೆಯಿಂದ ಇಲ್ಲಿಗೆ ಟ್ರಾಮ್ ಓಡುತ್ತಿತ್ತು ಎಂದರೆ ನಂಬಲೇ ಇಲ್ಲ. ಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮನೆಗಳ ಅಂಗಳ ಹೇಗಿತ್ತೆಂದು ಹೇಳಬಲ್ಲವರು ಈಗ ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಆಗ ನಮ್ಮವರ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ಈಗ ಎಲ್ಲರ ಜೇಬಿನಲ್ಲೂ ಇದೆ, ನಾವು ಸೆಲ್ಫಿ ತೆಗೆದುಕೊಳ್ಳುತ್ತಿದ್ದೇವೆ.

ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟೇ. ಎನ್‌ಎಸ್‌ಎಸ್ ಶಿಬಿರದ ಒಂದು ದಿನವನ್ನು ಇದಕ್ಕೆ ಕೊಡಿ. ಅರ್ಜಿ ನಮೂನೆ ತುಂಬುವುದನ್ನು, ಗ್ರಾಮಸಭೆಯಲ್ಲಿ ಮಾತಾಡುವುದನ್ನು ಕಲಿಸಿ. ಸ್ನೇಹಿತರೇ, ನೀವು ದಿನವೂ ಬರುವ ದಾರಿಯಲ್ಲಿ ಮಳೆಗೆ ಹೆದರುವ ಮನೆ ಯಾವುದೆಂದು ನಿಮಗೇ ಗೊತ್ತು. ಜೂನ್ ಬರುವ ಮೊದಲು ಒಂದು ಸಂಜೆ ಆ ಮನೆಯ ಮುಂದೆ ಸೈಕಲ್ ನಿಲ್ಲಿಸಿ, ಸಲಾಮೋ ನಮಸ್ಕಾರವೋ ಹೇಳಿ, ಫೋಟೋ ತೆಗೆಯಬಹುದೇ ಎಂದು ಕೇಳಿ.