ಕೋವಿಯ ಸದ್ದು, ಬೇಟೆಗಾರನ ಕಿವಿ

ತಂದೆ ಕಟ್ಟಿದ್ದನ್ನು ಮಗ ಬೆಳೆಸುವುದುಂಟು; ಕೆಡಿಸುವುದೂ ಉಂಟು. ತಂದೆ ಎಬ್ಬಿಸಿದ ಗದ್ದಲವನ್ನು ಮಗ ಅಡಗಿಸಲು ಹೊರಟ ನಿದರ್ಶನ ಮಾತ್ರ ಅಪೂರ್ವ. ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್ ಎಂಬಾತ ಅಮೆರಿಕದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಯಂತ್ರಶಿಲ್ಪಿ. 1884ರಲ್ಲಿ ಆತ ನಿರ್ಮಿಸಿದ ಯಂತ್ರಬಂದೂಕು ನಿಮಿಷಕ್ಕೆ ಸುಮಾರು 600 ಗುಂಡುಗಳನ್ನು ಉಗುಳಬಲ್ಲುದಾಗಿತ್ತು. ಆ ಕೋವಿಗಳ ಆರ್ಭಟದ ಪಕ್ಕದಲ್ಲೇ ವರ್ಷಗಳನ್ನು ಕಳೆದ ಮ್ಯಾಕ್ಸಿಮನ ಕಿವಿ ಮುಂದೆ ಬಹುಮಟ್ಟಿಗೆ ಕೇಳದಾಯಿತು. ಲೋಕಕ್ಕೆ ಸದ್ದು ಕೊಟ್ಟವನು ತಾನು ನಿಶ್ಶಬ್ದವನ್ನು ಪಡೆದ.

ಅವನ ಮಗ ಹೈರಮ್ ಪರ್ಸಿ ಮ್ಯಾಕ್ಸಿಮ್ ಅಮೆರಿಕದಲ್ಲಿಯೇ ಬೆಳೆದು ತಾನೂ ಯಂತ್ರಶಿಲ್ಪಿಯಾದ. ಸ್ನಾನದ ತೊಟ್ಟಿಯ ನೀರು ಸುಳಿಸುಳಿಯಾಗಿ ತೂಬಿನೊಳಗೆ ಇಳಿಯುವುದನ್ನು ನೋಡುತ್ತಿದ್ದಾಗ ಅವನಿಗೊಂದು ಯೋಚನೆ ಹೊಳೆಯಿತೆಂಬ ಕಥೆ ಪ್ರಸಿದ್ಧವಾಗಿದೆ. ಬಂದೂಕಿನ ಬಾಯಿಂದ ನುಗ್ಗುವ ಬಿಸಿ ಅನಿಲವನ್ನೂ ಹೀಗೆಯೇ ಸುಳಿಯಲ್ಲಿ ಸಿಕ್ಕಿಸಿ ನಿಧಾನವಾಗಿ ಹೊರಬಿಟ್ಟರೆ ಸದ್ದು ಇಳಿಯಬೇಕಲ್ಲವೆ? 1909ರಲ್ಲಿ ಈ ಸಾಧನಕ್ಕೆ ಅವನಿಗೆ ಹಕ್ಕುಪತ್ರ ದೊರೆಯಿತು. ‘ಸೈಲೆನ್ಸರ್’ ಎಂಬ ಹೆಸರು ಜನಪ್ರಿಯವಾದದ್ದು ಆಗಲೇ. ಮೋಟಾರುಗಾಡಿಯ ಹಿಂಬದಿಯಲ್ಲಿ ಹೊಗೆಯುಗುಳುವ ಸೈಲೆನ್ಸರನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಬಂದೂಕಿನದೂ ಅದರ ದಾಯಾದಿಯೇ. ಆದರೆ ಅದು ಸದ್ದನ್ನು ಪೂರ್ತಿಯಾಗಿ ನುಂಗುವುದಿಲ್ಲ, ತಗ್ಗಿಸುತ್ತದೆ ಅಷ್ಟೆ. ಆದುದರಿಂದ ತಿಳಿದವರು ಅದನ್ನು ‘ಸಪ್ರೆಸರ್’ ಎನ್ನುತ್ತಾರೆ. ಶಬ್ದಶಾಮಕ ಎಂದು ಕರೆದರೆ ನಮಗೆ ಸಾಕು.

ಚಲನಚಿತ್ರಗಳಲ್ಲಿ ಕೊಲೆಗಾರನು ಪಿಸ್ತೂಲಿನ ತುದಿಗೆ ಕೊಳವೆಯೊಂದನ್ನು ತಿರುಗಿಸಿ, ಪಕ್ಕದ ಕೋಣೆಯವರ ನಿದ್ದೆ ಕೆಡದಂತೆ ಗುಂಡು ಹಾರಿಸುವುದನ್ನು ನೋಡಿದವರಿಗೆ ಈ ಸಾಧನದ ಹೆಸರೇ ಕಳಂಕದ್ದಾಗಿ ತೋರೀತು. ಬೇಟೆಯ ರೈಫಲ್ಲಿನ ವಾಸ್ತವ ಬೇರೆ. ಅಲ್ಲಿ ಹುಟ್ಟುವ ಸದ್ದು ಎರಡು ಬಗೆಯದು. ಮದ್ದು ಉರಿದು ಹುಟ್ಟಿದ ಅನಿಲ ನಳಿಗೆಯ ಬಾಯಲ್ಲಿ ಒಮ್ಮೆಗೇ ಹಿಗ್ಗುವಾಗಿನ ಸ್ಫೋಟ ಮೊದಲನೆಯದು. ಗುಂಡು ಶಬ್ದಕ್ಕಿಂತ ವೇಗವಾಗಿ ಗಾಳಿಯನ್ನು ಸೀಳುವಾಗ ಚಾಟಿ ಬೀಸಿದಂತೆ ಕೇಳುವ ಛಟೀರು ಎರಡನೆಯದು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಜಿಂಕೆಯ ಬೇಟೆಗೆ ಬಳಸುವ ಸಾಮಾನ್ಯ ರೈಫಲ್ಲಿನ ಗುಂಡು 800 ಮೀಟರಿನ ಆಸುಪಾಸಿನಲ್ಲಿ ಓಡುತ್ತದೆ. ಶಬ್ದಶಾಮಕವು ಮೊದಲನೆಯ ಸದ್ದನ್ನು ಇಳಿಸಬಲ್ಲುದೇ ಹೊರತು ಎರಡನೆಯದನ್ನು ಮುಟ್ಟಲಾರದು. ಗುಟ್ಟಾಗಿ ಕೊಲ್ಲುವುದಕ್ಕೆ ಇದು ನೆರವೆಂಬುದು ಬೆಳ್ಳಿತೆರೆಯ ಉತ್ಪ್ರೇಕ್ಷೆ. ಇದರ ನಿಜವಾದ ಉಪಕಾರ ಗುಂಡು ಹಾರಿಸುವವನ ಕಿವಿಗೆ.

ಈ ಉಪಕಾರದ ಬೆಲೆ ಚೆನ್ನಾಗಿ ಅರಿವಾಗುವ ನಾಡುಗಳಲ್ಲಿ ನ್ಯೂಜಿಲೆಂಡ್ ಒಂದು. ಅಲ್ಲಿಯ ನೆಲದಲ್ಲಿ ಬಾವಲಿಗಳ ಹೊರತು ಸ್ವದೇಶೀ ಸಸ್ತನಿಗಳೇ ಇರಲಿಲ್ಲ. ವಲಸೆ ಹೋದ ಆಂಗ್ಲರು 1851ರಿಂದ ಮೊದಲುಗೊಂಡು ಕೆಂಪು ಜಿಂಕೆಗಳನ್ನು ತಂದು ಬಿಟ್ಟರು. 1904ರಲ್ಲಿ, ಬೆಡ್‌ಫರ್ಡಿನ ಡ್ಯೂಕ್ ಕಾಣಿಕೆಯಾಗಿ ಕೊಟ್ಟ ಹಿಮಾಲಯದ ತಾರ್ ಎಂಬ ಕಾಡಾಡುಗಳು ದಕ್ಷಿಣ ದ್ವೀಪದ ಕುಕ್ ಪರ್ವತದ ಬಳಿ ಕಾಲಿಟ್ಟವು. ಹುಲಿಚಿರತೆಗಳ ಭಯವಿಲ್ಲದ ಆ ಬೆಟ್ಟಗಳಲ್ಲಿ ಅವು ಬೇಕಾಬಿಟ್ಟಿಯಾಗಿ ಹೆಚ್ಚಿ, ಬೇರೆಲ್ಲೂ ಬೆಳೆಯದ ಗಿರಿಸಸ್ಯಗಳನ್ನು ಮೇಯತೊಡಗಿದವು. ತಾರ್‌ಗಳ ಸಂಖ್ಯೆ 10,000ವನ್ನು ಮೀರಬಾರದೆಂದು 1993ರ ಸರ್ಕಾರಿ ಯೋಜನೆಯೊಂದು ಮಿತಿ ಹಾಕಿತು. ಹಿಮಾಲಯದಲ್ಲಿ ನಮ್ಮ ಕಾನೂನು ಕಾಪಾಡುವ ಪ್ರಾಣಿಯೇ ಅಲ್ಲಿ ಹೊರೆಯಾಗಿ ಪರಿಣಮಿಸಿದೆ. ಅದರ ಬೇಟೆ ಅಲ್ಲಿ ವಿನೋದವೂ ಹೌದು, ಕರ್ತವ್ಯವೂ ಹೌದು.

ಇಂಥ ಬೇಟೆಗಾರನೊಬ್ಬನನ್ನು ಊಹಿಸಿಕೊಳ್ಳೋಣ. ವಯಸ್ಸು ಐವತ್ತೈದು. ಮೂವತ್ತು ವರ್ಷ ಬೆಟ್ಟ ಹತ್ತಿದ ಕಾಲುಗಳು ಇನ್ನೂ ಗಟ್ಟಿ. ಕಿವಿಗಳು ಮಾತ್ರ ಸೋತಿವೆ. ದೀಪಾವಳಿಯ ಪಟಾಕಿ ಕಿವಿಯ ಬಳಿಯೇ ಸಿಡಿದಾಗ ಕೆಲವು ಗಳಿಗೆ ‘ಗುಂಯ್’ ಎಂಬ ನಾದ ಉಳಿಯುವುದಷ್ಟೆ? ಅವನಿಗೆ ಆ ನಾದ ಹಗಲಿರುಳೂ ನಿಂತಿಲ್ಲ. ಊಟದ ಮೇಜಿನಲ್ಲಿ ಹೆಂಡತಿ ಮಾತನಾಡಿದರೆ ತುಟಿ ನೋಡಿ ಅರ್ಥಮಾಡಿಕೊಳ್ಳುತ್ತಾನೆ. ಕಿವಿಗೆ ಮುಚ್ಚಳ ಹಾಕಿಕೊಳ್ಳಬಾರದಿತ್ತೆ ಎಂದು ಕೇಳಬಹುದು. ಬೇಟೆಯಲ್ಲಿ ಕಿವಿಯೂ ಕಣ್ಣಿನಷ್ಟೇ ಮುಖ್ಯ. ಕಲ್ಲು ಉರುಳಿದ ಸಪ್ಪಳ, ಜೊತೆಗಾರನ ಪಿಸುಮಾತು ಕೇಳದಿದ್ದರೆ ಬೇಟೆಯೂ ಇಲ್ಲ, ಕ್ಷೇಮವೂ ಇಲ್ಲ. ಮೃಗ ಕಣ್ಣಿಗೆ ಬಿದ್ದ ಗಳಿಗೆಯಲ್ಲಿ ಹತ್ತಿಯುಂಡೆಯನ್ನು ಹುಡುಕುವ ವ್ಯವಧಾನ ಯಾರಿಗುಂಟು?

ರೈಫಲ್ಲಿನ ಸದ್ದು ಹಾರಿಸುವವನ ಬಳಿ 160 ಡೆಸಿಬೆಲನ್ನು ಮೀರುವುದು ಸಾಮಾನ್ಯ. ಒಮ್ಮೆಗೇ ಸಿಡಿಯುವ ಶಬ್ದವು 140 ಡೆಸಿಬೆಲನ್ನು ದಾಟಿದರೆ ಒಂದೇ ಹೊಡೆತಕ್ಕೂ ಕಿವಿಗೆ ಅಪಾಯವೆಂಬುದು ವೈದ್ಯರ ಎಣಿಕೆ. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮವಾದ ರೋಮಕೋಶಗಳಿವೆ. ಮನುಷ್ಯನಲ್ಲಿ ಅವು ಒಮ್ಮೆ ಸತ್ತರೆ ಮರಳಿ ಹುಟ್ಟುವುದಿಲ್ಲ. ತಲೆಗೂದಲು ಉದುರಿದರೆ ಟೊಪ್ಪಿಗೆ ಉಂಟು. ಈ ರೋಮಗಳು ಹೋದರೆ ಹೋದಂತೆಯೇ.

ಈಗ ಆ ಬೇಟೆಗಾರ ಹದಿನೆಂಟು ತುಂಬಿದ ಮಗನೊಡನೆ ಬಂದೂಕಿನ ಅಂಗಡಿಗೆ ಬಂದಿದ್ದಾನೆ. ಮಗನ ರೈಫಲ್ಲಿಗೆ ಶಬ್ದಶಾಮಕ ಬೇಕು. ಅಂಗಡಿಯವನು ಎರಡನ್ನು ಮುಂದಿಟ್ಟ. ಒಂದು ಉಕ್ಕಿನದು, ತೂಕ ಅರ್ಧ ಕಿಲೋಗ್ರಾಂಗಿಂತ ಹೆಚ್ಚು. ಮತ್ತೊಂದು ಟೈಟಾನಿಯಮ್ಮಿನದು, 250 ಗ್ರಾಂ.

“ಇಷ್ಟಕ್ಕೆ ಏನು ವ್ಯತ್ಯಾಸ, ಅಪ್ಪ? ಕಾಲು ಕಿಲೋ ತಾನೆ!” ಎನ್ನುತ್ತಾನೆ ಹುಡುಗ.

“ಅದನ್ನು ನಳಿಗೆಯ ತುದಿಗೆ ಹಾಕಿ, ಕೈಚಾಚಿ ಹಿಡಿದು ನೋಡು,” ಎನ್ನುತ್ತಾನೆ ತಂದೆ.

ತೂಕವೆಷ್ಟೆಂಬುದಕ್ಕಿಂತ ಅದು ಎಲ್ಲಿ ಕುಳಿತಿದೆಯೆಂಬುದು ದೊಡ್ಡದು. ಕೊಡವನ್ನು ಸೊಂಟದ ಮೇಲೆ ಹೊತ್ತವಳಿಗೆ ಭಾರ ತಿಳಿಯದು. ಅದನ್ನೇ ಚಾಚಿದ ಕೈಯ ತುದಿಯಲ್ಲಿ ಹಿಡಿದರೆ ನಾಲ್ಕು ಹೆಜ್ಜೆಗೆ ತೋಳು ಸೋಲುತ್ತದೆ. ನಳಿಗೆಯ ತುದಿಯ ಭಾರವೂ ಹಾಗೆಯೇ ರೈಫಲ್ಲಿನ ಮೂತಿಯನ್ನು ಕೆಳಗೆ ಜಗ್ಗುತ್ತದೆ. ಅಲ್ಲದೆ, ಸಾಮಾನ್ಯ ಶಬ್ದಶಾಮಕದಿಂದ ಬಂದೂಕು ಒಂದು ಗೇಣಿನಷ್ಟು ಉದ್ದವಾಗಿ ಪೊದೆಗೆ, ಬಂಡೆಗೆ ತಗಲುವುದೂ ಉಂಟು. ಇದನ್ನು ತಪ್ಪಿಸಲು ಕೊಳವೆಯ ಒಂದು ಭಾಗ ನಳಿಗೆಯನ್ನೇ ಹೊದ್ದುಕೊಂಡು ಹಿಂದಕ್ಕೆ ಚಾಚುವ ಮಾದರಿಗಳಿವೆ. ಅವುಗಳಲ್ಲಿ ಉದ್ದವೂ ಕಡಿಮೆ, ಭಾರವೂ ಕೈಯ ಸಮೀಪಕ್ಕೆ ಬರುತ್ತದೆ. ಆದರೆ ನಳಿಗೆ ಅದರೊಳಗೆ ಹಿಡಿಸುವಷ್ಟು ತೆಳ್ಳಗಿರಬೇಕು. ಕೆಲವರು ನಳಿಗೆಯನ್ನೇ ಮೋಟುಮಾಡಿಸಿ ಆ ಉದ್ದವನ್ನು ಸರಿತೂಗಿಸುತ್ತಾರೆ. ಅದಕ್ಕೆ ತೆರಬೇಕಾದ ಸುಂಕವೆಂದರೆ ಗುಂಡಿನ ವೇಗದಲ್ಲಿ ಅಷ್ಟಿಷ್ಟು ನಷ್ಟ.

ಹಾಗಾದರೆ ಎಲ್ಲಕ್ಕಿಂತ ಹಗುರಾದದ್ದೇ ಎಲ್ಲಕ್ಕಿಂತ ಮೇಲೆ? ಹಾಗೂ ಅಲ್ಲ. ಶಬ್ದಶಾಮಕದ ಒಳಗೆ ಅಡ್ಡಬಿಲ್ಲೆಗಳು ಸಾಲಾಗಿ ನಿಂತು ಕೋಣೆಗಳನ್ನು ರಚಿಸುತ್ತವೆ. ಅನಿಲವು ಕೋಣೆಯಿಂದ ಕೋಣೆಗೆ ಹಿಗ್ಗುತ್ತ, ತಣಿಯುತ್ತ ಸಾಗುವುದೇ ಇದರ ಮರ್ಮ. ಕೊಳವೆ ಚಿಕ್ಕದಾದಷ್ಟೂ ಹಿಗ್ಗಲು ತಾವು ಕಡಿಮೆ. ಸದ್ದು ಇಳಿಯುವುದೂ ಕಡಿಮೆ. ಚಿಕ್ಕದು 20 ಡೆಸಿಬೆಲಿನಷ್ಟು ತಗ್ಗಿಸಿದರೆ, ದೊಡ್ಡದು 30 ಅಥವಾ ಅದಕ್ಕೂ ಮಿಗಿಲಾಗಿ ತಗ್ಗಿಸೀತು. ಹತ್ತು ಡೆಸಿಬೆಲಿನ ಅಂತರವೆಂದರೆ ಶಬ್ದದ ಶಕ್ತಿಯಲ್ಲಿ ಹತ್ತು ಪಟ್ಟಿನ ಅಂತರವೆಂಬುದನ್ನು ಮರೆಯಲಾಗದು. ಮೇಲೆ ಹೇಳಿದ 140ರ ಗೆರೆಯ ಯಾವ ಬದಿಗೆ ಸದ್ದು ನಿಲ್ಲುವುದೆಂಬುದು ಈ ಅಂತರದಿಂದಲೇ ತೀರ್ಮಾನವಾಗುತ್ತದೆ.

ಲೋಹದ ಮಾತೂ ಉಂಟು. ಒಂದು ಘನ ಸೆಂಟಿಮೀಟರ್ ಉಕ್ಕು 8 ಗ್ರಾಂನಷ್ಟು ತೂಗಿದರೆ ಟೈಟಾನಿಯಮ್ 4.5, ಅಲ್ಯುಮಿನಿಯಮ್ 2.7. ಅಲ್ಯುಮಿನಿಯಮ್ ಹಗುರ, ಅಗ್ಗ. ಆದರೆ ಕಾವು ಏರಿದರೆ ಬೇಗ ಬಲಗುಂದುತ್ತದೆ. ಆದುದರಿಂದ ಬಿಸಿ ಅನಿಲದ ಮೊದಲ ಪೆಟ್ಟು ತಿನ್ನುವ ಬಿಲ್ಲೆಯನ್ನಾದರೂ ಉಕ್ಕಿನಿಂದಲೋ ಟೈಟಾನಿಯಮ್ಮಿನಿಂದಲೋ ಮಾಡಿರುವುದನ್ನು ನೋಡಿ ಕೊಳ್ಳುವುದು ಜಾಣತನ. ಟೈಟಾನಿಯಮ್ ಹಗುರವೂ ಹೌದು, ಗಟ್ಟಿಯೂ ಹೌದು. ಬೆಲೆ ಮಾತ್ರ ಹೆಚ್ಚು. ಉಕ್ಕು ಎಲ್ಲವನ್ನೂ ಸಹಿಸುತ್ತದೆ, ಆದರೆ ಹೊರುವವನು ಅದನ್ನು ಸಹಿಸಬೇಕು. ಗುರಿಯ ಮೈದಾನದಲ್ಲಿ ದಿನಕ್ಕೆ ನೂರು ಗುಂಡು ಸುಡುವವನಿಗೆ ಉಕ್ಕು ಸರಿ. ಬೆಟ್ಟದ ಬೇಟೆಗಾರ ದಿನವೆಲ್ಲ ನಡೆದು ಸುಡುವುದು ಒಂದೋ ಎರಡೋ ಗುಂಡು. ಅವನ ಶಬ್ದಶಾಮಕ ಕಾಯುವುದಕ್ಕೇ ಸಮಯವಿಲ್ಲ. ಹಗುರಾದದ್ದು ಅವನಿಗಾಗಿಯೇ ಹುಟ್ಟಿದೆ.

ತಂದೆ ಅಂಗಡಿಯವನನ್ನು ಮತ್ತಷ್ಟು ಪ್ರಶ್ನೆಗಳನ್ನು ಕೇಳುತ್ತಾನೆ. ಇದು ಎಷ್ಟು ದಪ್ಪದ ಗುಂಡಿಗೆ ಮಾಡಿದ್ದು? ದೊಡ್ಡ ಗುಂಡಿನದನ್ನು ಚಿಕ್ಕ ಗುಂಡಿನ ರೈಫಲ್ಲಿಗೆ ಹಾಕಬಹುದು, ಸದ್ದು ತುಸು ಹೆಚ್ಚು ಕೇಳೀತು, ಅದಲುಬದಲಾದರೆ ಅನಾಹುತ. ನಳಿಗೆ ಕನಿಷ್ಠ ಎಷ್ಟು ಉದ್ದವಿರಬೇಕೆಂದು ತಯಾರಕರು ಹೇಳಿದ್ದಾರೆ? ಮೋಟು ನಳಿಗೆಯಿಂದ ಹೊರಬೀಳುವ ಅನಿಲದ ಒತ್ತಡ ಹೆಚ್ಚು; ತೆಳುವಾದ ಬಿಲ್ಲೆಗಳು ತಾಳಲಾರವು. ನಳಿಗೆಯ ತುದಿಯ ತಿರುಪು ಇದಕ್ಕೆ ಹೊಂದುವುದೇ? ಆ ತಿರುಪನ್ನು ಬಂದೂಕಿನ ಕೆಲಸದಲ್ಲಿ ಪಳಗಿದ ಮಿಸ್ತ್ರಿಯೇ ಕೊರೆದಿರಬೇಕು. ಅದು ಕೂದಲೆಳೆಯಷ್ಟು ಓರೆಯಾದರೂ ಗುಂಡು ಒಳಗಿನ ಬಿಲ್ಲೆಯನ್ನು ಬಡಿದೀತು. ಇನ್ನು, ಕರಪತ್ರದಲ್ಲಿ ಅಚ್ಚಾದ ಡೆಸಿಬೆಲ್ ಸಂಖ್ಯೆ? ಯಾವ ತೋಟಾ, ಎಷ್ಟು ಉದ್ದದ ನಳಿಗೆ, ಮೈಕ್ರೊಫೋನನ್ನು ಇಟ್ಟದ್ದು ನಳಿಗೆಯ ಬಾಯಿಯ ಬಳಿಯೋ ಹಾರಿಸುವವನ ಕಿವಿಯ ಬಳಿಯೋ ಎಂಬುದು ತಿಳಿಯದೆ ಇಬ್ಬರು ತಯಾರಕರ ಸಂಖ್ಯೆಗಳನ್ನು ಹೋಲಿಸುವುದು, ಸೇರನ್ನು ಮಾರಿನಿಂದ ಅಳೆದಂತೆ.

ಕೊಂಡ ಮೇಲೂ ಎಚ್ಚರ ತಪ್ಪುವಂತಿಲ್ಲ. ತುದಿಗೆ ಭಾರ ಬಿದ್ದೊಡನೆ ನಳಿಗೆಯ ಕಂಪನ ಬದಲಾಗಿ ಗುಂಡು ನಾಟುವ ಜಾಗ ಕದಲುತ್ತದೆ. ಆದುದರಿಂದ ಶಬ್ದಶಾಮಕವನ್ನು ತೊಡಿಸಿಯೇ ದುರ್ಬೀನಿನ ಗುರಿಯನ್ನು ಸರಿಪಡಿಸಬೇಕು, ತೊಡಿಸಿಯೇ ಬೇಟೆಗೆ ಹೋಗಬೇಕು. ಹೊರಡುವ ಮುನ್ನ ಅದು ಬಿಗಿಯಾಗಿದೆಯೇ ಎಂದು ಕೈಯಿಂದ ನೋಡುವುದು ವಾಡಿಕೆಯಾಗಬೇಕು. ಮದ್ದು ಉರಿದಾಗ ಹುಟ್ಟುವ ನೀರಾವಿ ಒಳಗೆ ತಣಿದು ಹನಿಯಾಗುತ್ತದೆ. ಮನೆಗೆ ಬಂದೊಡನೆ ಬಿಚ್ಚಿ ಆರಲಿಡದಿದ್ದರೆ ಆ ತೇವ ನಳಿಗೆಯ ಬಾಯಿಗೆ ತುಕ್ಕು ತರುತ್ತದೆ. ಇಷ್ಟು ಉಪಚಾರಕ್ಕೆ ಪ್ರತಿಯಾಗಿ ಅದು ಕಿವಿಯ ಜೊತೆಗೆ ಭುಜವನ್ನೂ ಕಾಯುತ್ತದೆ. ರೈಫಲ್ಲಿನ ಒದೆತ ಗಣನೀಯವಾಗಿ ತಗ್ಗುತ್ತದೆ. ಒದೆತಕ್ಕೆ ಅಂಜದವನ ಗುರಿ ನೇರವಾಗಿ ಬೀಳುವುದರಿಂದ ಮೃಗವೂ ನರಳದೆ ಸಾಯುತ್ತದೆ. ಜೊತೆಯಲ್ಲಿ ಓಡುವ ನಾಯಿಗೂ ಕಿವಿಯುಂಟಷ್ಟೆ, ಅದಕ್ಕೂ ಲಾಭವೇ.

ಲೋಕದ ಕಾನೂನುಗಳು ಮಾತ್ರ ಈ ಸಾಧನವನ್ನು ಒಂದೇ ಕಣ್ಣಿನಿಂದ ನೋಡಿಲ್ಲ. ಮ್ಯಾಕ್ಸಿಮನ ಸ್ವದೇಶವಾದ ಅಮೆರಿಕ 1934ರಲ್ಲಿ ಇದರ ಮೇಲೆ 200 ಡಾಲರುಗಳ ತೆರಿಗೆಯನ್ನು ಹೇರಿತು. ಅಂದು ಅದು ಸಾಧನದ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು. 2025ರ ಕಾನೂನೊಂದು 2026ರ ಜನವರಿಯಿಂದ ಆ ತೆರಿಗೆಯನ್ನು ಸೊನ್ನೆಗಿಳಿಸಿತು. ನೋಂದಣಿಯ ನಿಯಮವನ್ನು ಮಾತ್ರ ಕೈಬಿಡಲಿಲ್ಲ. ಜರ್ಮನಿ 2020ರಲ್ಲಿ ತನ್ನ ಬೇಟೆಗಾರರಿಗೆ ಇದನ್ನು ಕೊಳ್ಳಲು ದಾರಿ ಮಾಡಿಕೊಟ್ಟಿತು. ನಾರ್ವೆ, ಫಿನ್ಲೆಂಡ್, ನ್ಯೂಜಿಲೆಂಡ್‌ಗಳ ಬೇಟೆಗಾರರಿಗಂತೂ ಇದು ಮಳೆಗಾಲದ ಕೊಡೆಯಷ್ಟು ಸಾಮಾನ್ಯ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ವಿನೋದದ ಬೇಟೆಯ ಬಾಗಿಲನ್ನೇ ಮುಚ್ಚಿದೆ. ನಮ್ಮವರಿಗೆ ಇದು ಕೊಳ್ಳುವ ವಸ್ತುವಲ್ಲ, ತಿಳಿಯುವ ವಿಷಯ.

ಅಂಗಡಿಯಲ್ಲಿ ಹುಡುಗ ಕೊನೆಗೆ ಎತ್ತಿಕೊಂಡದ್ದು 250 ಗ್ರಾಂನ ಟೈಟಾನಿಯಮ್ ಕೊಳವೆಯನ್ನು. ಉಕ್ಕಿನದು ಸದ್ದನ್ನು ಇನ್ನಷ್ಟು ಇಳಿಸುತ್ತಿತ್ತೆಂಬುದನ್ನು ತಂದೆ ಅರಿಯದವನಲ್ಲ. ಆದರೆ ಮೂರನೆಯ ದಿನದ ಏರುಹಾದಿಯಲ್ಲಿ, ಬೆನ್ನುಚೀಲ ಭುಜವನ್ನು ಕೊರೆಯುವಾಗ, ಭಾರವಾದದ್ದನ್ನು ಬಿಚ್ಚಿ ಗುಡಿಸಲಲ್ಲಿಯೇ ಬಿಟ್ಟುಹೋಗುವ ಬುದ್ಧಿ ಯೌವನಕ್ಕೆ ಸಹಜವೆಂಬುದನ್ನೂ ಅವನು ಬಲ್ಲ. ಗುಡಿಸಲಲ್ಲಿ ಉಳಿದ ಶಬ್ದಶಾಮಕ ಯಾರ ಕಿವಿಯನ್ನೂ ಕಾಯದು.

ಹಣ ಕೊಡುವಾಗ ತಂದೆ ಇನ್ನೊಂದು ಪುಟ್ಟ ಪೊಟ್ಟಣವನ್ನು ಅದರ ಪಕ್ಕದಲ್ಲಿಟ್ಟ. ಕಿವಿಗೆ ಇಟ್ಟುಕೊಳ್ಳುವ ಬಿರಡೆಗಳು. “ಇದು ಬಂದ ಮೇಲೆ ಅದೇಕಪ್ಪ?” ಎಂದ ಮಗ. ಮೈದಾನದಲ್ಲಿ ಕುಳಿತು ಇಪ್ಪತ್ತು ಗುಂಡು ಹೊಡೆದು ಅಭ್ಯಾಸ ಮಾಡುವಾಗ ಎರಡೂ ಬೇಕು, ಹಗುರ ಕೊಳವೆ ಸದ್ದನ್ನು ಅಪಾಯದ ಗೆರೆಯ ಅಂಚಿಗೆ ತಂದು ನಿಲ್ಲಿಸುತ್ತದೆಯಷ್ಟೆ ಎಂದು ಅಂಗಡಿಯವನೇ ವಿವರಿಸಿದ.

ತಂದೆ ಉತ್ತರ ಕೊಡಲಿಲ್ಲ. ಮಗ ಕೇಳಿದ ಪ್ರಶ್ನೆ ಅವನಿಗೆ ಕೇಳಿಸಿರಲಿಲ್ಲ.