ಕಾಫಿ ಇದೆ, ಕುರ್ಚಿ ಇಲ್ಲ

ಕಳೆದ ತಿಂಗಳು ಅಮ್ಮನನ್ನು ಕರ್ಕೊಂಡು ಕೆಂಪೇಗೌಡ ರಸ್ತೆಗೆ ಹೋಗಿದ್ದೆ. ಪಿಂಚಣಿಯ ಯಾವುದೋ ಕಾಗದಕ್ಕೆ ಅವಳೇ ಖುದ್ದಾಗಿ ಬಂದು ಸಹಿ ಹಾಕಬೇಕಿತ್ತು. ವಯಸ್ಸು 74, ಎರಡೂ ಮಂಡಿ ಸವೆದಿವೆ. ಕೆಲಸ ಮುಗಿಯುವಷ್ಟರಲ್ಲಿ ಹನ್ನೊಂದೂವರೆ. "ಒಂದು ಲೋಟ ಕಾಫಿ ಕುಡಿದು, ಹತ್ತು ನಿಮಿಷ ಕೂತು ಹೊರಡೋಣ ಕಣೋ" ಅಂದಳು. ಮೆಜೆಸ್ಟಿಕ್ಕಿನ ಸುತ್ತ ಇಷ್ಟೊಂದು ಹೋಟೆಲುಗಳಿರುವಾಗ ಇದೇನು ಮಹಾ ಅಂದ್ಕೊಂಡೆ.

ಮೊದಲು ಹೊಕ್ಕ ದರ್ಶಿನಿಯಲ್ಲಿ ಕಾಫಿ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ಅಲ್ಲಿದ್ದದ್ದು ಎದೆಮಟ್ಟದ ಗ್ರಾನೈಟ್ ಕಟ್ಟೆ. ಅಮ್ಮನ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕಾಗದದ ಚೀಲ. ನೆಲವೆಲ್ಲ ಒದ್ದೆ, ಚೀಲ ಕೆಳಗಿಡೋ ಹಾಗಿಲ್ಲ. ಸುಡುವ ಲೋಟವನ್ನು ಮೂರನೇ ಕೈಯಲ್ಲಿ ಹಿಡೀಬೇಕೇನೋ! ಅಷ್ಟರಲ್ಲಿ ಕ್ಲೀನಿಂಗ್ ಹುಡುಗ ಅವಳ ಮೊಣಕೈ ಅಡಿಯೇ ಬಟ್ಟೆ ತೂರಿಸಿ ಒರೆಸಿಕೊಂಡು ಹೋದ. ಗಲ್ಲಾದವರ ಹತ್ತಿರ "ಒಂದು ಸ್ಟೂಲು ಇದ್ರೆ ಕೊಡ್ತೀರಾ, ವಯಸ್ಸಾದವರು" ಅಂದೆ. "ಮೇಲ್ಗಡೆ ಏಸಿ ಹಾಲ್ ಇದೆ ಸಾರ್. ಆದ್ರೆ ಅಲ್ಲಿ ಬರೀ ಕಾಫಿ ಕೊಡಲ್ಲ, ತಿಂಡಿ ತಗೋಬೇಕು" ಅಂದರು. ಮೇಲ್ಗಡೆಗೆ ಇಪ್ಪತ್ತಕ್ಕೂ ಹೆಚ್ಚು ಮೆಟ್ಟಿಲು. ಮಂಡಿ ನೋವಿನವಳು ಕೂರೋದಕ್ಕೋಸ್ಕರ ಮಹಡಿ ಹತ್ತಬೇಕು, ನೋಡಿ ಲೆಕ್ಕಾಚಾರ.

ಅಮ್ಮ ಅರ್ಧ ಲೋಟ ಕುಡಿದು ಇಟ್ಟುಬಿಟ್ಟಳು. ಕಾಫಿಯನ್ನು ಅರ್ಧಕ್ಕೆ ಬಿಟ್ಟಿದ್ದನ್ನು ನನ್ನ ಜೀವಮಾನದಲ್ಲಿ ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಆಟೋ ಹತ್ತಿ, ಗಾಜಿನ ಬಾಗಿಲಿನ ಕೆಫೆಯೊಂದಕ್ಕೆ ಕರ್ಕೊಂಡು ಹೋದೆ. ಅಲ್ಲಿ ಕೂರೋಕೆ ಬೇಕಾದಷ್ಟು ಜಾಗ. ಬೆಲೆಪಟ್ಟಿಯಲ್ಲಿ ಕಾಫಿ ಇನ್ನೂರೈವತ್ತರ ಹತ್ತಿರ. ಕೌಂಟರಿನ ಹುಡುಗಿ ಲೋಟದ ಮೇಲೆ ಬರೆಯೋಕೆ ಹೆಸರು ಕೇಳಿದಳು. "ಕಾಫಿಗೂ ನಾಮಕರಣವೇನೋ" ಅಂದಳು ಅಮ್ಮ. ನಗು ಬಂತು. ಆದರೆ ಬೆಲೆ ಓದಿದ ಮೇಲೆ ಅವಳು ಅಲ್ಲಿ ಕೂರಲೊಪ್ಪಲಿಲ್ಲ. ಒಪ್ಪಿದ್ದರೂ ಆ ಸೋಫಾ ಎಷ್ಟು ತಗ್ಗಾಗಿತ್ತೆಂದರೆ ಕೂತ ಮೇಲೆ ಎಬ್ಬಿಸೋಕೆ ಇಬ್ಬರು ಬೇಕಿತ್ತು!

ಇವತ್ತಿನ ಬೆಂಗಳೂರಿನ ನಡುಮಧ್ಯದ ಕಾಫಿಯ ಕಥೆ ಇಷ್ಟೇ. ಹದಿನೈದು ಇಪ್ಪತ್ತು ರೂಪಾಯಿ ಕೊಟ್ಟರೆ ಕಾಫಿ ಸಿಗುತ್ತೆ, ಕುರ್ಚಿ ಸಿಗಲ್ಲ. ಇನ್ನೂರು ದಾಟಿದರೆ ಕುರ್ಚಿ ಸಿಗುತ್ತೆ, ನಮ್ಮ ಕಾಫಿ ಸಿಗಲ್ಲ. ದೇಶದ ಸುಮಾರು ಶೇಕಡಾ 70ರಷ್ಟು ಕಾಫಿ ಬೆಳೆಯುವ ರಾಜ್ಯದ ರಾಜಧಾನಿ ಇದು. ಕಾಫಿ ಬೋರ್ಡಿನ ಪ್ರಧಾನ ಕಚೇರಿ ಇರೋದೂ ಇಲ್ಲೇ.

ಇದರಲ್ಲಿ ನನ್ನದೂ ಒಂದು ಪಾಲು ತಪ್ಪಿದೆ. ಹಿಂದೊಮ್ಮೆ ಇಲ್ಲೇ, "ಕಾಫಿ ಅಂದ್ರೆ ನಿಂತು ಕುಡೀಬೇಕು, ಅದೇ ಬೆಂಗಳೂರಿನ ಗತ್ತು" ಅಂತೆಲ್ಲ ಗೀಚಿದ್ದೆ. ನೀವೂ ಕೆಲವರು "ಸೂಪರ್" ಅಂತ ಬೆನ್ನು ತಟ್ಟಿದ್ದಿರಿ. ಆ ಮಾತನ್ನು ಇವತ್ತು ವಾಪಸ್ ತಗೋತಿದ್ದೀನಿ. ಆಗ ನನ್ನ ಮಂಡಿ ನೆಟ್ಟಗಿತ್ತು, ಅಮ್ಮನ ಮಂಡಿ ನನ್ನ ಲೆಕ್ಕದಲ್ಲೇ ಇರಲಿಲ್ಲ.

1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗ ಅದು ನಿಜಕ್ಕೂ ಜಾಣ ಯೋಚನೆ. ಅಡುಗೆಮನೆ ಕಣ್ಣೆದುರೇ, ಟೋಕನ್ ತಗೋ, ತಿನ್ನು, ಹೊರಡು. ಮಾಣಿ ಬೇಡ, ಮೇಜು ಬೇಡ, ಹಾಗಾಗಿ ಬೆಲೆ ಕಡಿಮೆ. ಆಫೀಸಿಗೆ ಓಡುವವನಿಗೆ ಅದಕ್ಕಿಂತ ಇನ್ನೇನು ಬೇಕು? ನನ್ನ ತಕರಾರು ದರ್ಶಿನಿ ಹುಟ್ಟಿದ್ದಕ್ಕಲ್ಲ. ಹುಟ್ಟಿದ್ದು ಅವಸರದವರಿಗೋಸ್ಕರ, ಆದರೆ ಈಗ ಅವಸರ ಇಲ್ಲದವರೂ ಅವಸರ ಮಾಡಲೇಬೇಕು ಅನ್ನೋ ಹಾಗಾಗಿದೆಯಲ್ಲ, ಅದಕ್ಕೆ.

ಹಾಗಂತ "ಹಳೇ ಕಾಲದ ಹೋಟೆಲು ಎಷ್ಟು ಚೆನ್ನಾಗಿತ್ತು" ಅಂತ ಕಣ್ಣೀರು ಸುರಿಸುವ ಗುಂಪಿಗೂ ನಾನು ಸೇರಿದವನಲ್ಲ. ಅಮೃತಶಿಲೆಯ ಮೇಜು, ಬೆಂಟ್‌ವುಡ್ ಕುರ್ಚಿ, ಬೈಟು ಕಾಫಿ ಮುಂದಿಟ್ಟುಕೊಂಡು ಎರಡು ತಾಸಿನ ಹರಟೆ... ಸರಿ. ಆದರೆ ಆ ಕುರ್ಚಿಯಲ್ಲಿ ಯಾರು ಕೂರಬಹುದಿತ್ತು? ಬೋರ್ಡಿನ ಮೇಲೇ ಜಾತಿ ಬರೆದುಕೊಂಡ ಹೋಟೆಲುಗಳಿದ್ದ ಊರು ಇದು. ಕೆಲವರಿಗೆ ಒಳಗೆ, ಕೆಲವರಿಗೆ ಹೊರಗೆ ಬೇರೆ ಲೋಟದಲ್ಲಿ. ಹೆಂಗಸರಾದರೆ ಪರದೆ ಎಳೆದ 'ಫ್ಯಾಮಿಲಿ ರೂಮ್'. ಅದೂ ಜೊತೆಗೊಬ್ಬ ಗಂಡಸಿದ್ದರೆ ವಾಸಿ. ನಮ್ಮಮ್ಮ ಮದುವೆಗೆ ಮುಂಚೆ ಒಬ್ಬಳೇ ಹೋಟೆಲಿಗೆ ಹೋಗಿದ್ದೇ ಇಲ್ಲವಂತೆ. ದರ್ಶಿನಿಯ ಕಟ್ಟೆಯ ಮುಂದೆ ಮಾತ್ರ ಯಾರು ಯಾರ ಪಕ್ಕ ನಿಂತಿದ್ದಾರೆ ಅಂತ ಯಾರೂ ಕೇಳಲಿಲ್ಲ. ಕಾಲೇಜು ಹುಡುಗಿ, ಹಮಾಲಿ, ಗುಮಾಸ್ತ ಎಲ್ಲರಿಗೂ ಅದೇ ಟೋಕನ್ನು. ಇದು ಸಣ್ಣ ಸಾಧನೆ ಅಲ್ಲ.

ಆದರೆ ಸಮಾನತೆ ಅಂದ್ರೆ ಎಲ್ಲರನ್ನೂ ನಿಲ್ಲಿಸೋದೇ ಆಗಬೇಕಾ? ಎಲ್ಲರನ್ನೂ ಕೂರಿಸಬಾರದಾ?

ಕೂರಿಸೋಕೆ ಸಾಧ್ಯ ಅನ್ನೋದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 1950ರ ದಶಕದಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಿತು. ಕೆಲಸ ಕಳೆದುಕೊಳ್ಳಲಿದ್ದ ನೌಕರರು ಎ. ಕೆ. ಗೋಪಾಲನ್ ಅವರ ಬೆಂಬಲದಿಂದ ಸಹಕಾರ ಸಂಘ ಕಟ್ಟಿಕೊಂಡು ಅವನ್ನು ತಾವೇ ನಡೆಸಿದರು. ಅಂಥ ಸಂಘಗಳಲ್ಲಿ ಮೊದಲನೆಯದು 1957ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸಿನಲ್ಲಿ ನಾನು ಒಂದೇ ಕಾಫಿಗೆ ಇಡೀ ಮಧ್ಯಾಹ್ನ ಕಳೆದಿದ್ದೇನೆ. ಕಾಫಿ ಅಂಥ ಮಹಾ ಏನಿರಲಿಲ್ಲ ಅನ್ನಿ. ಆದರೆ ಬಿಳಿ ಪೇಟದ ಆ ಯಜಮಾನರು ಒಂದು ಸಲವೂ "ಮತ್ತೇನು ಬೇಕು" ಅಂತ ಬಂದು ಕತ್ತಿನ ಮೇಲೆ ನಿಲ್ಲುತ್ತಿರಲಿಲ್ಲ. ಕಟ್ಟಡ ಬಿಡಬೇಕಾಗಿ ಬಂದು 2009ರಲ್ಲಿ ಅದು ಚರ್ಚ್ ಸ್ಟ್ರೀಟಿಗೆ ಹೋಯಿತು. ಅಲ್ಲಿಗೆ ಹೋದಾಗಲೂ ನನ್ನನ್ನು ಯಾರೂ ಎಬ್ಬಿಸಿಲ್ಲ. ನೌಕರರೇ ಮಾಲೀಕರಾದ ಕಡೆ ಗಿರಾಕಿಗೂ ಒಂಚೂರು ಉಸಿರಾಡೋಕೆ ಬಿಡ್ತಾರೆ ಅನ್ನೋದು ನನ್ನ ಗುಮಾನಿ.

"ಬಾಡಿಗೆ ಎಷ್ಟು ಗೊತ್ತಾ ನಿನಗೆ?" ಅಂತ ಹೋಟೆಲು ನಡೆಸುವ ಗೆಳೆಯನೊಬ್ಬ ರೇಗುತ್ತಾನೆ. ಅವನ ಮಾತನ್ನು ತಳ್ಳಿಹಾಕೋ ಹಾಗಿಲ್ಲ. ಹಾಲು, ಪುಡಿ, ಗ್ಯಾಸು ಎಲ್ಲ ಏರಿದೆ. 2024-25ರಲ್ಲಿ ಕಾಫಿ ಬೀಜದ ಬೆಲೆ ಏರಿದ್ದು ಹೇಗೆ ಅಂತ ಮನೆಗೆ ಪುಡಿ ತರುವವರಿಗೂ ಗೊತ್ತು. ಅವನ ಲೆಕ್ಕದಲ್ಲಿ ನಿಂತವನು ನಾಲ್ಕು ನಿಮಿಷಕ್ಕೆ ಜಾಗ ಖಾಲಿ ಮಾಡ್ತಾನೆ, ಕೂತವನು ಇಪ್ಪತ್ತು ನಿಮಿಷ. ಅಂದ್ರೆ ಒಂದು ಕುರ್ಚಿ ನಾಲ್ಕು ಗಿರಾಕಿಗಳನ್ನು ನುಂಗುತ್ತೆ. ಸರಿ ಮಾರಾಯ, ಒಪ್ಪಿದೆ. ಬೆಳಗ್ಗೆ ಎಂಟರಿಂದ ಹತ್ತರವರೆಗೆ ನಿನ್ನ ಲೆಕ್ಕವೇ ನಡೀಲಿ. ಆದರೆ ಹನ್ನೊಂದೂವರೆಗೆ? ಮಧ್ಯಾಹ್ನ ಮೂರಕ್ಕೆ? ಆಗ ನಿನ್ನ ಕಟ್ಟೆಯ ಮುಂದೆ ನೊಣ ಬಿಟ್ಟರೆ ಯಾರಿರ್ತಾರೆ? ಗೋಡೆಗಂಟಿಸಿ ಮಡಚುವ ಹಲಗೆ ಹಾಕಿದರೆ ಎಷ್ಟು ಜಾಗ ಹೋಗುತ್ತೆ? ನಾನು ಕೇಳ್ತಿರೋದು ಹಾಲ್ ಅಲ್ಲ ಸ್ವಾಮಿ, ಮೂರು ಸ್ಟೂಲು. ಅದಕ್ಕವನು ಉತ್ತರ ಕೊಡಲಿಲ್ಲ, ಬಿಲ್ಲು ಕೊಟ್ಟ :-)

ಇನ್ನೊಂದು ವಿಷಯ. ನಾವು ನಿಲ್ಲೋದು ಐದು ನಿಮಿಷ. ಡಿಕಾಕ್ಷನ್ ಬೆರೆಸಿ ಬೆರೆಸಿ ಕೊಡ್ತಾನಲ್ಲ, ಆ ಹುಡುಗ ಬೆಳಗ್ಗೆ ಆರಕ್ಕೆ ನಿಂತವನು ಯಾವಾಗ ಕೂರ್ತಾನೆ ಅಂತ ಯಾವತ್ತಾದ್ರೂ ನೋಡಿದ್ದೀರಾ? ಅಂಗಡಿಗಳಲ್ಲಿ ದುಡಿಯುವವರಿಗೆ ಕೂರೋಕೆ ಆಸನ ಕೊಡಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ತಿದ್ದಿದವು. ಜವಳಿ ಅಂಗಡಿಯ ಹೆಣ್ಣುಮಕ್ಕಳು ದನಿಯೆತ್ತಿದ್ದರಿಂದ ಬಂದ ಬದಲಾವಣೆ ಅದು. ಕೂರೋಕೂ ಹೋರಾಟ ಮಾಡಬೇಕಾಯ್ತಲ್ಲ ಅಂತ ಆಗ ನಾನು ಪೇಪರ್ ಮಡಚಿಟ್ಟಿದ್ದೆ. ಗಿರಾಕಿಗೆ ಕುರ್ಚಿ ಇಲ್ಲದ ಕಡೆ ಕೆಲಸದವನಿಗೆ ಎಲ್ಲಿಂದ ಬರಬೇಕು?

ಗಾಜಿನ ಕೆಫೆಗಳ ವಿಷಯ ಜಾಸ್ತಿ ಹೇಳಲ್ಲ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಾಗ ಅಲ್ಲಿ ಇಂಟರ್ನೆಟ್ಟೂ ಇತ್ತು, ನಮ್ಮಂಥ ಹುಡುಗರಿಗೆ ಅದೊಂದು ಹೊಸ ಲೋಕ. ಅವರು ಮಾರಿದ್ದು ಕಾಫಿಗಿಂತ ಹೆಚ್ಚಾಗಿ ಕೂರುವ ಹೊತ್ತನ್ನು. ಕೂರೋದಕ್ಕೆ ಬೆಲೆ ಇದೆ ಅಂತ ಅವರಿಗೆ ಗೊತ್ತಾಯ್ತು, ನಮ್ಮ ಹೋಟೆಲಿನವರಿಗೆ ಗೊತ್ತಾಗಲಿಲ್ಲ.

ಆ ದಿನ ಅಮ್ಮ ಕೊನೆಗೂ ಕೂತಳು. ಅವೆನ್ಯೂ ರಸ್ತೆಯ ಕಡೆ ಇನ್ನೊಂದು ಚಿಕ್ಕ ಕೆಲಸ ಇತ್ತು, ಅಲ್ಲಿನ ಒಂದು ಅಡ್ಡಗಲ್ಲಿಯಲ್ಲಿ ಕಾಫಿಪುಡಿಯ ವಾಸನೆ ಹಿಡಿದು ನಡೆದೆವು. ಹತ್ತಡಿ ಅಗಲದ ಅಂಗಡಿ. ಒಳಗೆ ಗೋಡೆ ಪಕ್ಕ ಒಂದು ಬೆಂಚು, ನಾಲ್ಕು ಸ್ಟೂಲು. ಅಂಗಡಿಯಾತ ಅಮ್ಮನ ಕೋಲು ನೋಡಿ ಎದ್ದು ತಾನೇ ಬೆಂಚಿನ ಮೇಲಿದ್ದ ಪೇಪರ್ ಕಟ್ಟು ಸರಿಸಿದರು. "ಕೂತ್ಕೊಳ್ಳಿ ಅಮ್ಮ, ಅವಸರ ಏನಿಲ್ಲ" ಅಂದರು. ಲೋಟ-ಬಟ್ಟಲಲ್ಲೇ ಕಾಫಿ ಬಂತು. ಪಕ್ಕದಲ್ಲಿ ಕೂತಿದ್ದ ಪುಸ್ತಕದಂಗಡಿಯ ಹಿರಿಯರಿಗೂ ಅಮ್ಮನಿಗೂ ಚಿಕೋರಿ ಎಷ್ಟಿರಬೇಕು ಅನ್ನೋ ವಿಷಯಕ್ಕೆ ವಾದವೇ ಶುರುವಾಯಿತು. ಮುಕ್ಕಾಲು ಗಂಟೆ ಕೂತೆವು. ಮೂವರು ಬಂದರು, ಇಬ್ಬರು ಹೋದರು, ಯಾರನ್ನೂ ಯಾರೂ ಎಬ್ಬಿಸಲಿಲ್ಲ. ದರ್ಶಿನಿಗಿಂತ ಮೂರು ರೂಪಾಯಿ ಜಾಸ್ತಿ.

ಅಂಗಡಿಯ ಹೆಸರು ಕೇಳಬೇಡಿ, ಬರೆಯಲ್ಲ. ಜಿಪುಣತನ ಅಲ್ಲ ಇದು. ನಾವು ಬರೆಯುವವರು ಇಂಥ ಜಾಗಕ್ಕೆ ಏನು ಮಾಡ್ತೀವಿ ಅಂತ ನೋಡಿದ್ದೇನೆ. "ಯಾರಿಗೂ ಗೊತ್ತಿಲ್ಲದ ಕಾಫಿ ಅಂಗಡಿ" ಅಂತ ಒಬ್ಬ ಬರೀತಾನೆ. ಮುಂದಿನ ಭಾನುವಾರ ನಲವತ್ತು ಜನ ಮೊಬೈಲು ಹಿಡ್ಕೊಂಡು ಬರ್ತಾರೆ. ಜಾಗ ಸಾಲದೆ ಮೊದಲು ಸ್ಟೂಲು ಹೋಗುತ್ತೆ, ಆಮೇಲೆ ಬೆಂಚು, ಕೊನೆಗೆ ಎದೆಮಟ್ಟದ ಗ್ರಾನೈಟ್ ಬರುತ್ತೆ. ನಿಮ್ಮ ಪೈಕಿ ಯಾರ ಮನೆಯಲ್ಲಾದರೂ ಮಂಡಿ ನೋವಿನ ಅಪ್ಪನೋ ಅಮ್ಮನೋ ಇದ್ದು, ಆ ಕಡೆ ಕರ್ಕೊಂಡು ಹೋಗೋದಿದ್ದರೆ ಒಂದು ಮೇಲ್ ಹಾಕಿ, ದಾರಿ ಹೇಳ್ತೀನಿ.

ಮುಂದಿನ ತಿಂಗಳು ಅದೇ ಕಾಗದಕ್ಕೆ ಇನ್ನೊಂದು ಸಹಿ ಬೇಕಂತೆ. ಗೊಣಗ್ತಾಳೆ ಅಂದ್ಕೊಂಡಿದ್ದೆ. "ಬೆಳಗ್ಗೇನೇ ಹೊರಡೋಣ, ಆ ಪುಸ್ತಕದಂಗಡಿಯವರಿಗೆ ಇನ್ನೂ ಒಂದು ಮಾತು ಹೇಳೋದಿದೆ" ಅಂದಳು.