ಹಾಡಿಯ ಸಾವಿಗೆ ಲೆಕ್ಕ ಬೇಡವೆನ್ನುವವರಿಗೆ

ಮರಣ ನೋಂದಣಿಯ ನಮೂನೆಯಲ್ಲಿ ಬುಡಕಟ್ಟಿನ ಹೆಸರಿಗೊಂದು ಕಲಂ ಇರಬೇಕು. ಆದಿವಾಸಿಗಳು ವಾಸಿಸುವ ಹಾಡಿ, ಪೋಡು, ಲೈನ್‌ಮನೆಗಳಲ್ಲಿ ಆಗುವ ಪ್ರತಿ ಸಾವನ್ನೂ ವಿಚಾರಿಸಿ ಕಾರಣ ಸಮೇತ ಬರೆದಿಡಬೇಕು. ಆ ಲೆಕ್ಕ ಸಮುದಾಯವಾರು ಪ್ರಕಟವಾಗಬೇಕು. ಬೇಡಿಕೆ ಇಷ್ಟೇ. ಇದನ್ನು ಎತ್ತಿದಾಗಲೆಲ್ಲ ಎದುರಾಗುವ ಆಕ್ಷೇಪಗಳು ಮಾತ್ರ ಬಗೆಬಗೆಯವು. ಕೆಲವು ಕಚೇರಿಗಳಿಂದ ಬರುತ್ತವೆ, ಕೆಲವು ಸಂಖ್ಯಾಶಾಸ್ತ್ರ ಬಲ್ಲವರಿಂದ, ಇನ್ನು ಕೆಲವು ಆದಿವಾಸಿಗಳ ಪರವಾಗಿಯೇ ದುಡಿಯುವವರಿಂದ. ಈ ಕೊನೆಯವರ ಮಾತಿಗೆ ತೂಕ ಹೆಚ್ಚು. ಅದನ್ನು ಆಮೇಲೆ ನೋಡೋಣ.

‘ಲೆಕ್ಕ ಈಗಾಗಲೇ ಇದೆಯಲ್ಲ’ ಎಂಬುದು ಹೆಚ್ಚು ಕೇಳಿಬರುವ ಮಾತು. ಇದೆ, ಇಲ್ಲವೆನ್ನುವುದಿಲ್ಲ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು 42 ಮಕ್ಕಳು ಐದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತವೆ. ಪರಿಶಿಷ್ಟ ಪಂಗಡಗಳಲ್ಲಿ ಈ ಸಂಖ್ಯೆ 50. ಅಂತರ ಗೊತ್ತಿದೆ, ಯೋಜನೆಗಳೂ ನಡೆದಿವೆ, ಇನ್ನೇನು ಬೇಕು ಎನ್ನುತ್ತಾರೆ.

ಆದರೆ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡ ಎಂದರೆ ಯಾರು? 2011ರ ಜನಗಣತಿಯಂತೆ ರಾಜ್ಯದ ಪರಿಶಿಷ್ಟ ಪಂಗಡದ ಜನಸಂಖ್ಯೆ ಸುಮಾರು 42.5 ಲಕ್ಷ. ಅದರಲ್ಲಿ ನಾಯಕ ಸಮುದಾಯವೊಂದೇ 33 ಲಕ್ಷದಷ್ಟು. ಜೇನು ಕುರುಬರು ಸುಮಾರು 36 ಸಾವಿರ, ಸೋಲಿಗರು 34 ಸಾವಿರ, ಕೊರಗರು 15 ಸಾವಿರ. ನಾಯಕರಲ್ಲೂ ಬಡತನವಿದೆ, ಅವರ ಪಾಲಿನ ಸೌಲಭ್ಯದ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಸರಾಸರಿಯ ಬಗ್ಗೆ. ಇಂಥ ಗುಂಪಿನ ಸರಾಸರಿ ತೆಗೆದರೆ ಅದು ಬಯಲುಸೀಮೆಯ ಊರುಗಳ ಸರಾಸರಿಯೇ ಆಗುತ್ತದೆ. ಕಾಡಂಚಿನ ಸಾವು ಅದನ್ನು ಹೆಚ್ಚೇನೂ ಅಲುಗಾಡಿಸುವುದಿಲ್ಲ.

ಸಮೀಕ್ಷೆಯ ಗಾತ್ರವನ್ನೂ ನೋಡಿ. ಆ ಸಮೀಕ್ಷೆ ಕರ್ನಾಟಕದಲ್ಲಿ ಭೇಟಿ ಕೊಟ್ಟದ್ದು ಸುಮಾರು 26,500 ಮನೆಗಳಿಗೆ. ರಾಜ್ಯದ ನಾಲ್ಕು ಸಾವಿರ ಜನರಲ್ಲಿ ಒಬ್ಬರು ಮಾತ್ರ ಕೊರಗರು. ಆ ಪ್ರಮಾಣದಲ್ಲಿ ಲೆಕ್ಕ ಹಾಕಿದರೆ ಸಮೀಕ್ಷೆಗೆ ಸಿಕ್ಕಿರಬಹುದಾದ ಕೊರಗರ ಮನೆಗಳು ಆರೋ ಏಳೋ. ಆರೇಳು ಮನೆ ನೋಡಿ ಒಂದು ಸಮುದಾಯದ ಮಕ್ಕಳ ಸಾವಿನ ಬಗ್ಗೆ ಯಾರು ಏನು ಹೇಳಲು ಸಾಧ್ಯ? ಇನ್ನು ಪ್ರತಿವರ್ಷ ಶಿಶುಮರಣ ಪ್ರಮಾಣ ಕೊಡುವ ಸ್ಯಾಂಪಲ್ ರಿಜಿಸ್ಟ್ರೇಷನ್ ಸಿಸ್ಟಮ್, ಅಂದರೆ ಎಸ್‌ಆರ್‌ಎಸ್, ಗ್ರಾಮೀಣ–ನಗರ, ಗಂಡು–ಹೆಣ್ಣು ಎಂದು ಬಿಡಿಸಿ ಹೇಳುತ್ತದೆಯೇ ಹೊರತು ಬುಡಕಟ್ಟುವಾರು ಹೇಳುವುದಿಲ್ಲ. ಕೇಂದ್ರದ ಎರಡು ಸಚಿವಾಲಯಗಳು ಸೇರಿ ನೇಮಿಸಿದ, ಡಾ. ಅಭಯ್ ಬಂಗ್ ಅಧ್ಯಕ್ಷತೆಯ ತಜ್ಞರ ಸಮಿತಿ 2018ರ ವರದಿಯಲ್ಲಿ ಮಾಡಿದ ದೊಡ್ಡ ದೂರುಗಳಲ್ಲಿ ಈ ಮಾಹಿತಿಯ ಕೊರತೆಯೂ ಒಂದು.

ಸಮೀಕ್ಷೆ ಬಿಡಿ, ನೋಂದಣಿ ಇದೆಯಲ್ಲ ಎನ್ನುವವರು ಮರಣ ವರದಿಯ ನಮೂನೆ–2ನ್ನು ಒಮ್ಮೆ ಕೈಗೆತ್ತಿಕೊಂಡು ಓದಬೇಕು. ಅಂಕಿಅಂಶಕ್ಕೆಂದೇ ಇರುವ ಅದರ ಭಾಗದಲ್ಲಿ ಸತ್ತವರ ಧರ್ಮ ಕೇಳುತ್ತಾರೆ, ಉದ್ಯೋಗ ಕೇಳುತ್ತಾರೆ. ಬೀಡಿ ಸೇದುತ್ತಿದ್ದರೇ, ಹೊಗೆಸೊಪ್ಪು ಹಾಕುತ್ತಿದ್ದರೇ, ಕುಡಿಯುತ್ತಿದ್ದರೇ ಎಂದು ಕೇಳುತ್ತಾರೆ. ಅಡಿಕೆ ಜಗಿಯುವ ಅಭ್ಯಾಸವಿದ್ದರೆ ಎಷ್ಟು ವರ್ಷದಿಂದ ಎಂಬುದಕ್ಕೂ ಅಲ್ಲಿ ಜಾಗವಿದೆ. ಬುಡಕಟ್ಟು ಯಾವುದೆಂದು ಕೇಳುವುದಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಸಿಕ್ಕೀತೆ?

‘ಸಾವಿನ ಮನೆಯಲ್ಲೂ ಜಾತಿ ಕೇಳಬೇಕೆ, ಇದು ಒಡೆಯುವ ಕೆಲಸವಲ್ಲವೆ’ ಎನ್ನುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಶಾಲೆಗೆ ಸೇರಿಸುವಾಗ, ವಿದ್ಯಾರ್ಥಿವೇತನಕ್ಕೆ, ಹಾಸ್ಟೆಲಿಗೆ, ಮನೆ ಮಂಜೂರಾತಿಗೆ, ಚುನಾವಣೆಯ ಮೀಸಲಾತಿಗೆ ಇದೇ ಪ್ರಶ್ನೆ ಕೇಳಿಯಾಗಿದೆ. 2025ರ ರಾಜ್ಯದ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆ ಮನೆಮನೆಗೆ ಹೋಗಿ ಕೇಳಿತು. 2027ರ ಜನಗಣತಿಯೂ ಕೇಳಲಿದೆ. ಬದುಕಿರುವಾಗ ಇಷ್ಟು ಸಲ ಕೇಳಿದ್ದು ಸಾಯುವ ಹೊತ್ತಿಗೆ ಮಾತ್ರ ಅಸಭ್ಯವಾಗುವುದು ಹೇಗೋ!

‘ಅವರು ನೋಂದಣಿ ಮಾಡಿಸುವುದೇ ಇಲ್ಲ, ತಿಳಿವಳಿಕೆ ಇಲ್ಲ’ ಎಂಬುದು ಕಚೇರಿಯ ಮಾತು. ಊರಿನವರೆಲ್ಲ ತಿಳಿವಳಿಕೆಯಿಂದಲೇ ಮರಣ ಪತ್ರ ಮಾಡಿಸುತ್ತಾರೆಂದು ಇವರು ನಂಬಿದಂತಿದೆ. ಹಳ್ಳಿಯಲ್ಲಿ ಜನ ಆ ಪತ್ರಕ್ಕೆ ಓಡಾಡುವುದು ಬದುಕಿದವರ ಕೆಲಸಕ್ಕೆ. ಪೌತಿ ಖಾತೆ ಆಗಬೇಕು, ಎಲ್‌ಐಸಿ ದುಡ್ಡು ಬರಬೇಕು, ಬ್ಯಾಂಕಿನ ಉಳಿತಾಯ ಹೆಂಡತಿಯ ಕೈಗೆ ಸಿಗಬೇಕು. ಖಾತೆ ಮಾಡಿಸಲು ಜಮೀನೇ ಇಲ್ಲದವನ ಮಗ ತಾಲ್ಲೂಕು ಕಚೇರಿಗೆ ಯಾಕೆ ಅಲೆಯುತ್ತಾನೆ? ಒಂದು ದಿನದ ಕೂಲಿ, ಬಸ್ ಚಾರ್ಜು ಕಳೆದುಕೊಂಡು ತರುವ ಆ ಕಾಗದದಿಂದ ಅವನಿಗೆ ಆಗಬೇಕಾದ್ದೇನು? ಕೊಡಗಿನ ಎಸ್ಟೇಟಿನ ಲೈನ್‌ಮನೆಯಲ್ಲಿ ಹುಟ್ಟಿ ಹತ್ತನೇ ದಿನ ತೀರಿಹೋದ ಮಗುವಿಗೆ ಎಷ್ಟೋ ಸಲ ಹೆಸರೇ ಇಟ್ಟಿರುವುದಿಲ್ಲ. ಅದರ ಜನನವೂ ದಾಖಲಾಗಿಲ್ಲ, ಮರಣವೂ ದಾಖಲಾಗುವುದಿಲ್ಲ. ನೆಲದ ಹಕ್ಕಿಗೂ ಮರಣದ ದಾಖಲೆಗೂ ಇರುವ ಈ ನಂಟನ್ನು ಕಾಣದೆ ತಪ್ಪನ್ನು ಆದಿವಾಸಿಯ ಅಜ್ಞಾನದ ಮೇಲೆ ಹೊರಿಸುವುದು ಸುಲಭ.

ಕಾನೂನಿನಲ್ಲೇ ದಾರಿ ಇದೆ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ. ಮನೆಯಲ್ಲಾದ ಸಾವನ್ನು ತಿಳಿಸುವ ಹೊಣೆ ಮನೆಯ ಯಜಮಾನನದು, ನಿಜ. ಆದರೆ ಅದೇ ಕಾಯ್ದೆಯ 10ನೇ ಕಲಂ ಸೂಲಗಿತ್ತಿ, ಆರೋಗ್ಯ ಕಾರ್ಯಕರ್ತರು ಮತ್ತು ರಾಜ್ಯ ಸರ್ಕಾರ ಗೊತ್ತುಪಡಿಸುವ ಇತರರ ಮೇಲೂ ಸುದ್ದಿ ಮುಟ್ಟಿಸುವ ಹೊಣೆ ಹೊರಿಸುತ್ತದೆ. ಹಾಡಿಯ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿಯವರನ್ನೋ ಆ ಕೆಲಸಕ್ಕೆ ನೇಮಿಸಿ, ಪ್ರತಿ ದಾಖಲೆಗೂ ಗೌರವಧನ ಕೊಟ್ಟರೆ ಆಯಿತು. ಕಚೇರಿಯೇ ಹಾಡಿಗೆ ಹೋಗಲಿ.

ಸಂಖ್ಯಾಶಾಸ್ತ್ರಜ್ಞರ ಆಕ್ಷೇಪ ಇದಕ್ಕಿಂತ ಗಟ್ಟಿ. ಸಣ್ಣ ಸಮುದಾಯದಲ್ಲಿ ವರ್ಷಕ್ಕೆ ನಾಲ್ಕು ಸಾವು ಹೆಚ್ಚಾದರೂ ಪ್ರಮಾಣ ಏರುಪೇರಾಗುತ್ತದೆ ಎನ್ನುತ್ತಾರೆ. ಸಾವಿನ ಸಂಖ್ಯೆ ಒಂದು ದಾಖಲೆಯಿಂದ, ಜನಸಂಖ್ಯೆ ಇನ್ನೊಂದರಿಂದ ತಂದು ಭಾಗಿಸಿದರೆ ಬರುವ ಉತ್ತರ ದಾರಿತಪ್ಪಿಸುತ್ತದೆ ಎಂದೂ ಎಚ್ಚರಿಸುತ್ತಾರೆ. ಎರಡೂ ಸರಿ. ಆದರೆ ಇದರಿಂದ ಹೊರಡುವ ತೀರ್ಮಾನ ‘ಎಣಿಸಬೇಡಿ’ ಎಂದಲ್ಲ, ‘ಸರಿಯಾಗಿ ಎಣಿಸಿ’ ಎಂದು.

ಆಸ್ಟ್ರೇಲಿಯಾದ ಉದಾಹರಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಆ ದೇಶದ ಸಂವಿಧಾನದ 127ನೇ ವಿಧಿ ಜನಸಂಖ್ಯೆ ಲೆಕ್ಕ ಹಾಕುವಾಗ ಮೂಲನಿವಾಸಿಗಳನ್ನು ಸೇರಿಸಬಾರದೆಂದೇ ಹೇಳುತ್ತಿತ್ತು. 1967ರ ಜನಮತಗಣನೆಯಲ್ಲಿ ಶೇ 90ಕ್ಕೂ ಹೆಚ್ಚು ಮತದಾರರು ಒಪ್ಪಿದ ಮೇಲೆ ಅದು ರದ್ದಾಯಿತು. ಆದರೂ ಮರಣದ ದಾಖಲೆಯಲ್ಲಿ ಅನೇಕ ಮೂಲನಿವಾಸಿಗಳು ಮೂಲನಿವಾಸಿಗಳಲ್ಲವೆಂದೇ ನಮೂದಾಗುತ್ತಿದ್ದರು. 1996–2001ರ ಅವಧಿಗೆ ಅಂದಾಜಿಸಿದಾಗ ಅವರ ಆಯುಸ್ಸು ಉಳಿದವರಿಗಿಂತ 17 ವರ್ಷ ಕಡಿಮೆ ಎಂದು ಬಂತು. ಮುಂದೆ ಅಲ್ಲಿನ ಅಂಕಿಅಂಶ ಇಲಾಖೆ ಮರಣದ ದಾಖಲೆಗಳನ್ನು 2006ರ ಜನಗಣತಿಯ ದಾಖಲೆಗಳ ಜೊತೆ ಜೋಡಿಸಿ ತಾಳೆ ನೋಡಿತು. ಜನಗಣತಿಯಲ್ಲಿ ತಾವು ಮೂಲನಿವಾಸಿಗಳು ಎಂದಿದ್ದವರು ಸತ್ತಾಗ ಏನೆಂದು ದಾಖಲಾದರು ಎಂದು ಪರಿಶೀಲಿಸಿತು. 2005–07ರ ಅವಧಿಗೆ ಆ ಹೊಸ ವಿಧಾನದಲ್ಲಿ ಸಿಕ್ಕ ಅಂತರ ಗಂಡಸರಲ್ಲಿ 11.5 ವರ್ಷ, ಹೆಂಗಸರಲ್ಲಿ 9.7 ವರ್ಷ. ಜನ ಏಕಾಏಕಿ ಹೆಚ್ಚು ಕಾಲ ಬದುಕತೊಡಗಲಿಲ್ಲ, ಎಣಿಸುವ ರೀತಿ ಬದಲಾಯಿತು. ಹಳೆಯದಕ್ಕೂ ಹೊಸದಕ್ಕೂ ಹೋಲಿಕೆ ಮಾಡಬೇಡಿ ಎಂದು ಇಲಾಖೆಯೇ ಎಚ್ಚರಿಸಿತು. ಒಂದೊಂದು ವರ್ಷದ ಏರುಪೇರು ತಪ್ಪಿಸಲು ಅವರು ಈಗಲೂ ಮೂರು ವರ್ಷಗಳನ್ನು ಒಟ್ಟುಗೂಡಿಸಿ ಲೆಕ್ಕ ಕೊಡುತ್ತಾರೆ. ತಪ್ಪನ್ನು ಅಳೆದು ತಿದ್ದಲು ಸಾಧ್ಯವಾದದ್ದು ಎರಡೂ ದಾಖಲೆಗಳಲ್ಲಿ ಆ ಪ್ರಶ್ನೆ ಇದ್ದದ್ದರಿಂದ. ನಮ್ಮಲ್ಲಿ ತಾಳೆ ನೋಡೋಣವೆಂದರೆ ಮರಣದ ನಮೂನೆಯಲ್ಲಿ ಆ ಕಲಂ ಖಾಲಿಯೂ ಅಲ್ಲ, ಇಲ್ಲವೇ ಇಲ್ಲ.

‘ಮನೆಯವರು ಹೇಳಿದ ಕಾರಣ ನಂಬಲಾಗದು, ಡಾಕ್ಟರು ಬರೆದುಕೊಟ್ಟದ್ದೇ ಬೇಕು’ ಎನ್ನುವವರು ದೇಶದ ಸ್ಥಿತಿ ನೋಡಲಿ. 2020ರಲ್ಲಿ ಇಡೀ ಭಾರತದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇ 22.5 ಮಾತ್ರ. ಡಾಕ್ಟರಿಗೆ ಕಾದರೆ ನಗರದವರ ಕಾರಣವೂ ಸಿಗುವುದಿಲ್ಲ. ಅದಕ್ಕೇ ವರ್ಬಲ್ ಅಟಾಪ್ಸಿ ಎಂಬ ಪದ್ಧತಿ ಬಂದದ್ದು: ತರಬೇತಾದವರು ಮನೆಯವರ ಬಳಿ ಕೂತು ಜ್ವರವಿತ್ತೇ, ಎಷ್ಟು ದಿನ, ಉಸಿರಾಟ ಹೇಗಿತ್ತು ಎಂದು ಕ್ರಮವಾಗಿ ಕೇಳಿ ಬರೆದುಕೊಳ್ಳುತ್ತಾರೆ, ವೈದ್ಯರು ಅದನ್ನು ಓದಿ ಕಾರಣ ನಿರ್ಧರಿಸುತ್ತಾರೆ. ಡಾ. ಪ್ರಭಾತ್ ಝಾ ಮತ್ತು ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿ ಸೇರಿ ನಡೆಸಿದ ‘ಮಿಲಿಯನ್ ಡೆತ್ ಸ್ಟಡಿ’ ನಿಂತದ್ದು ಈ ಪದ್ಧತಿಯ ಮೇಲೆಯೇ. ದೇಶಕ್ಕೆ ಸಲ್ಲುವ ವಿಧಾನ ಹಾಡಿಗೆ ಸಲ್ಲದೇ?

ಕಾರಣ ಸಮೇತ ಲೆಕ್ಕ ಯಾಕೆ ಬೇಕೆಂಬುದಕ್ಕೆ ಒಂದು ಉದಾಹರಣೆ ನೋಡಿ. ಕುಡಗೋಲು ಕಣ ರಕ್ತಹೀನತೆ, ಸಿಕಲ್ ಸೆಲ್ ಎಂದೇ ಎಲ್ಲರೂ ಕರೆಯುವ ಕಾಯಿಲೆ, ನೀಲಗಿರಿಯ ಬುಡಕಟ್ಟುಗಳಲ್ಲಿ ಪತ್ತೆಯಾದದ್ದು 1952ರಲ್ಲಿ. ಅದನ್ನು 2047ರೊಳಗೆ ತೊಲಗಿಸುವ ರಾಷ್ಟ್ರೀಯ ಅಭಿಯಾನ 2023ರ ಜುಲೈಯಲ್ಲಿ ಶುರುವಾಯಿತು. ಏಳು ಕೋಟಿ ಜನರ ರಕ್ತ ಪರೀಕ್ಷೆಯ ಗುರಿ ಇದೆ. ಒಳ್ಳೆಯದು. ಆದರೆ ಈ ಕಾಯಿಲೆಯಿಂದ ಜೇನು ಕುರುಬರಲ್ಲಿ ವರ್ಷಕ್ಕೆ ಎಷ್ಟು ಜನ, ಯಾವ ವಯಸ್ಸಿನಲ್ಲಿ ಸಾಯುತ್ತಾರೆ ಎಂಬುದನ್ನು ಹೇಳಬಲ್ಲ ಮರಣ ದಾಖಲೆ ಇಲ್ಲದಿದ್ದರೆ, 2047ರಲ್ಲಿ ಅಭಿಯಾನ ಗೆದ್ದಿತೋ ಸೋತಿತೋ ಎಂದು ಯಾವುದರಿಂದ ಅಳೆಯುತ್ತಾರೆ?

‘ಎಣಿಸಿದರೆ ಜೀವ ಉಳಿಯುತ್ತದೆಯೇ? ಆ ದುಡ್ಡಿನಲ್ಲಿ ಆಸ್ಪತ್ರೆ ಕಟ್ಟಿ’ ಎನ್ನುವವರಿಗೆ ಮಹಾರಾಷ್ಟ್ರದ ಗಡ್‌ಚಿರೋಲಿ ಉತ್ತರ ಕೊಟ್ಟಿದೆ. ಅಭಯ್ ಮತ್ತು ರಾಣಿ ಬಂಗ್ ಕಟ್ಟಿದ ‘ಸರ್ಚ್’ ಸಂಸ್ಥೆ ಮೊದಲು ಮಾಡಿದ್ದು ಹಳ್ಳಿಹಳ್ಳಿಯ ಹುಟ್ಟು ಸಾವುಗಳ ಖಚಿತ ಲೆಕ್ಕ. ಸಾವಿರ ಶಿಶುಗಳಲ್ಲಿ 62 ಶಿಶುಗಳು ಹುಟ್ಟಿದ ತಿಂಗಳೊಳಗೇ ಸಾಯುತ್ತವೆ, ಸೋಂಕು ದೊಡ್ಡ ಕಾರಣ ಎಂದು ತಿಳಿದದ್ದು ಆ ಲೆಕ್ಕದಿಂದ. ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ಬಾಣಂತಿಯ ಮನೆಗೆ ಕಳಿಸಿದರು. 39 ಹಳ್ಳಿಗಳಲ್ಲಿ ಮೂರನೇ ವರ್ಷದ ಹೊತ್ತಿಗೆ, ಹೋಲಿಕೆಗೆ ಇಟ್ಟ ಹಳ್ಳಿಗಳಿಗಿಂತ ನವಜಾತ ಶಿಶುಮರಣ ಶೇ 62ರಷ್ಟು ಇಳಿಯಿತು. 1999ರಲ್ಲಿ ಇದು ‘ದಿ ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಇಂದು ದೇಶದ ಆಶಾ ಕಾರ್ಯಕರ್ತೆಯರು ನವಜಾತ ಶಿಶುವಿನ ಮನೆಗೆ ಹೋಗುವ ಪದ್ಧತಿಯ ಬೇರು ಅಲ್ಲಿದೆ. ಆಸ್ಪತ್ರೆಯೊಂದನ್ನೇ ಕಟ್ಟಿ ಕಾದಿದ್ದರೆ ಆ ಮಕ್ಕಳು ಮನೆಯಲ್ಲೇ ಸತ್ತಿರುತ್ತಿದ್ದವು, ಯಾರ ಗಮನಕ್ಕೂ ಬಾರದೆ.

ಈಗ ಆದಿವಾಸಿಗಳ ಪರವಾಗಿಯೇ ದುಡಿಯುವ ಆತ್ಮೀಯರ ಆಕ್ಷೇಪಕ್ಕೆ ಬರುತ್ತೇನೆ. ಬುಡಕಟ್ಟಿನ ಹೆಸರು ಬರೆಸಿಕೊಂಡ ಸರ್ಕಾರ ಹಿಂದೆ ಏನು ಮಾಡಿದೆ ಎಂದು ಅವರು ಕೇಳುತ್ತಾರೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಶುರುವಾದದ್ದೂ ಪಟ್ಟಿ ಮಾಡುವುದರಿಂದಲೇ. ಕೊರಗರನ್ನು ಕೀಳಾಗಿ ಕಂಡು ಅವರ ಮೇಲೆ ಹೇರಿದ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕಕ್ಕೆ 2000ನೇ ಇಸವಿಯವರೆಗೆ ಬೇಕಾಯಿತು. ಇಂಥವರ ಮನೆಯಲ್ಲಿ ‘ಕುಡಿತದಿಂದ ಸಾವು’, ‘ಕ್ಷಯದಿಂದ ಸಾವು’ ಎಂಬ ಅಂಕಿ ಹೊರಬಿದ್ದರೆ ಅದು ಇನ್ನೊಂದು ಹಣೆಪಟ್ಟಿಯಾಗದೇ? ಮೂವತ್ತು ಮನೆಯ ಹಾಡಿಯಲ್ಲಿ ‘ಒಂದು ಆತ್ಮಹತ್ಯೆ’ ಎಂದು ಪ್ರಕಟಿಸಿದರೆ ಯಾರದೆಂದು ಎಲ್ಲರಿಗೂ ತಿಳಿಯುತ್ತದೆ.

ಈ ಭಯಕ್ಕೆ ಆಧಾರವಿದೆ, ಇದನ್ನು ತಳ್ಳಿಹಾಕಲಾರೆ. ಆದ್ದರಿಂದಲೇ ಲೆಕ್ಕ ಇಲಾಖೆಯ ಸ್ವತ್ತಾಗಬಾರದು. ಬುಡಕಟ್ಟು ಯಾವುದೆಂದು ಮನೆಯವರು ಹೇಳಬೇಕು. ಬರೆಯುವವರು ಮುಖ ನೋಡಿ ಊಹಿಸಬಾರದು. ಅಮೆರಿಕದಲ್ಲಿ ಶವಸಂಸ್ಕಾರ ಮಾಡಿಸುವವರೇ ಮರಣ ಪತ್ರದ ಜನಾಂಗದ ಕಲಂ ತುಂಬುವ ರೂಢಿಯಿಂದ ಎಷ್ಟೋ ಮೂಲನಿವಾಸಿಗಳು ಬಿಳಿಯರೆಂದು ದಾಖಲಾಗಿದ್ದಾರೆ. ಹೇಳಲು ಇಷ್ಟವಿಲ್ಲದವರಿಗೆ ಬಿಡುವ ಹಕ್ಕಿರಬೇಕು. ಹಾಡಿಯ ಹೆಸರು ಹಾಕಿ ಅಂಕಿ ಪ್ರಕಟಿಸಬಾರದು. ಏನನ್ನು ಪ್ರಕಟಿಸಬೇಕು ಎಂಬುದರಲ್ಲಿ ಗ್ರಾಮಸಭೆಯ ಮಾತು ನಡೆಯಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲೇ ಹುಲಿ ರಕ್ಷಿತಾರಣ್ಯದೊಳಗೆ ಸಮುದಾಯ ಅರಣ್ಯ ಹಕ್ಕು ಪಡೆದವರು. ಕಾಡು ನೋಡಿಕೊಳ್ಳಬಲ್ಲ ಗ್ರಾಮಸಭೆ ತನ್ನವರ ಸಾವಿನ ಪುಸ್ತಕವನ್ನೂ ನೋಡಿಕೊಳ್ಳಬಲ್ಲದು. ಆದರೆ ದುರುಪಯೋಗದ ಭಯದಿಂದ ಎಣಿಕೆಯನ್ನೇ ಬಿಟ್ಟರೆ ಲಾಭ ಯಾರಿಗೆ? ಸಾವಿಗೆ ದಾಖಲೆಯೇ ಇಲ್ಲದಾಗ ಉತ್ತರ ಕೊಡಬೇಕಾದ ಅಧಿಕಾರಿಯೂ ಇರುವುದಿಲ್ಲ.

ಜನನ ಮರಣ ನೋಂದಣಿ ಕಾಯ್ದೆಯಡಿ ನಿಯಮ ರೂಪಿಸುವ ಅಧಿಕಾರ, ಕೇಂದ್ರದ ಒಪ್ಪಿಗೆ ಪಡೆದು, ರಾಜ್ಯಕ್ಕಿದೆ. ಮೊದಲ ಹೆಜ್ಜೆಯಾಗಿ ಅತಿ ದುರ್ಬಲ ಬುಡಕಟ್ಟುಗಳೆಂದು ಗುರುತಿಸಿರುವ ಜೇನು ಕುರುಬರು ಮತ್ತು ಕೊರಗರಿಂದ ಶುರುಮಾಡಲಿ. ಇಬ್ಬರೂ ಸೇರಿ ಸುಮಾರು 50 ಸಾವಿರ ಜನ. ಇಷ್ಟು ಮಂದಿಯ ಮನೆಪಟ್ಟಿ ಮಾಡಿ, ಅದೇ ಪಟ್ಟಿಯ ಮೇಲೆ ಹುಟ್ಟು ಸಾವು ಗುರುತಿಸುತ್ತ ಹೋದರೆ ಭಾಗಿಸುವ ತಕರಾರೂ ತೀರುತ್ತದೆ. ಸಾವಿರಕ್ಕೆ ಹತ್ತು ಸಾವೆಂದೇ ಹಿಡಿದರೂ ವರ್ಷಕ್ಕೆ ಐನೂರು. ಅವರು ಹೆಚ್ಚಾಗಿರುವುದು ಮೈಸೂರು, ಚಾಮರಾಜನಗರ, ಕೊಡಗು, ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ. ಅಂದರೆ ಒಂದು ಜಿಲ್ಲೆಗೆ ವಾರಕ್ಕೆ ಎರಡು ಸಾವು. ವಾರಕ್ಕೆ ಎರಡು ಮನೆಗೆ ಹೋಗಿ ಕೂತು ಕೇಳಿ ಬರೆದುಕೊಳ್ಳಲು ತಮ್ಮಲ್ಲಿ ಜನವಿಲ್ಲ ಎಂದು ಯಾವ ಜಿಲ್ಲಾ ಆರೋಗ್ಯಾಧಿಕಾರಿಯಾದರೂ ಲಿಖಿತವಾಗಿ ಹೇಳಲಿ.